‘ಏಳು’ ಆ್ಯಪ್: ಇಪ್ಪತ್ತೊಂದು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಕೂತು ಕೆಲಸ ಮಾಡುವವರನ್ನು ಆಗಾಗ ಕುರ್ಚಿಯಿಂದ ಎಬ್ಬಿಸುವ ಈ ಆ್ಯಪ್ ಮಾಡಿದವನು ನನ್ನ ಅಕ್ಕನ ಮಗ. ಹಾಗಾಗಿ ಎಷ್ಟು ಸ್ಟಾರ್ ಅಂತ ಕೇಳಬೇಡಿ. ಐದು ಕೊಟ್ಟರೆ ನೀವು ನಂಬಲ್ಲ, ಮೂರು ಕೊಟ್ಟರೆ ಅಕ್ಕ ಬಿಡಲ್ಲ.

ನನ್ನದು ಮೆಡಿಕಲ್ ಕೋಡಿಂಗ್ ಕೆಲಸ. ಮೈಸೂರಿನ ಮನೆಯಲ್ಲೇ ಕೂತು ಅಮೆರಿಕದ ರೋಗಿಗಳ ದಾಖಲೆ ಓದಿ, ಒಂದೊಂದು ಕಾಯಿಲೆಗೂ ಐಸಿಡಿ-10 ಪಟ್ಟಿಯ ಕೋಡ್ ಹಾಕಬೇಕು. ಕೆಲಸದಲ್ಲಿ ಬಸವಳಿದು ಹೋದವರಿಗೂ ಅದರಲ್ಲಿ ಒಂದು ಕೋಡ್ ಇದೆ: ಝಡ್ 73.0, ಬರ್ನ್‌ಔಟ್. 2023ರ ಕೊನೆಯಲ್ಲಿ ಒಂದು ರಾತ್ರಿ ಯಾರಿಗೋ ಆ ಕೋಡ್ ಹಾಕುತ್ತಾ, ನಾನು ಕುರ್ಚಿ ಬಿಟ್ಟು ಎದ್ದು ಎಷ್ಟು ಹೊತ್ತಾಯಿತು ಅಂತ ನೋಡಿಕೊಂಡೆ. ನಾಲ್ಕೂವರೆ ಗಂಟೆ. ನೀರಿನ ಬಾಟಲಿ ಮುಚ್ಚಳ ಕೂಡ ತೆಗೆದಿರಲಿಲ್ಲ.

ಅಷ್ಟರಲ್ಲಾಗಲೇ ದುಡ್ಡು ಕೊಟ್ಟು ಒಂದು ಆ್ಯಪ್ ಹಾಕಿಕೊಂಡಿದ್ದೆ. ಹೆಸರು ಬೇಡ. ಅಲೆಗಳ ಸದ್ದು, ತಿಳಿನೀಲಿ ಬಣ್ಣ, ಪಿಸುಮಾತಿನ ಇಂಗ್ಲಿಷ್, ಎಲ್ಲ ಇತ್ತು. ಆದರೆ ಕಂಪ್ಯೂಟರಿನಿಂದ ಕಣ್ಣು ತೆಗೆ ಅಂತ ಹೇಳಿ, ತಕ್ಷಣ ಫೋನ್ ನೋಡು ಅನ್ನುತ್ತಿತ್ತು. ಫೋನ್ ಕೈಗೆ ಬಂದ ಮೇಲೆ ವಾಟ್ಸಾಪ್ ಬಿಡುತ್ತಾ? ಐದು ನಿಮಿಷದ ವಿರಾಮ ಇಪ್ಪತ್ತು ನಿಮಿಷದ ರೀಲ್ಸ್ ಆಗುತ್ತಿತ್ತು. ಎದ್ದವಳು ಎದ್ದಿರುತ್ತಲೇ ಇರಲಿಲ್ಲ.

ಅಕ್ಕನ ಮಗ ಆಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ, ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದ. ‘ನನ್ನನ್ನ ಕುರ್ಚಿಯಿಂದ ಎಬ್ಬಿಸೋ ಹಾಗೆ ಏನಾದ್ರೂ ಮಾಡೋ’ ಅಂದೆ. ಹೆಸರು ಅಲ್ಲೇ ಹುಟ್ಟಿತು. ಏಳು ಅಂದರೆ ಎದ್ದೇಳು, ಏಳು ಅಂದರೆ ಏಳು ನಿಮಿಷ. ಐಕಾನ್ ಕೂಡ ಕನ್ನಡದ ೭. 2024ರ ಫೆಬ್ರವರಿಯಿಂದ ನನ್ನ ಫೋನಿನಲ್ಲಿದೆ.

ಕೆಲಸ ಮಾಡುವ ರೀತಿ ಇಷ್ಟೇ. ಐವತ್ತು ನಿಮಿಷಕ್ಕೊಮ್ಮೆ ಒಂದು ಸದ್ದು. ಫೋನನ್ನು ಟೇಬಲ್ ಮೇಲೆ ಬೋರಲು ಹಾಕಿದರೆ ವಿರಾಮ ಶುರು. ಫೋನ್ ಯಾವ ಕಡೆಗೆ ಮಲಗಿದೆ ಅಂತ ಒಳಗಿನ ಸೆನ್ಸರ್‌ಗೆ ಗೊತ್ತಾಗುತ್ತದೆ. ಏಳು ನಿಮಿಷ ಆದ ಮೇಲೆ ಇನ್ನೊಂದು ಸಣ್ಣ ಸದ್ದು. ಮಧ್ಯೆ ಎತ್ತಿ ನೋಡಿದರೆ ಕಪ್ಪು ಪರದೆ, ಉಳಿದ ನಿಮಿಷ, ಅಷ್ಟೇ. ಬೇರೇನೂ ಇಲ್ಲ, ಅದೇ ನನಗೆ ಬೇಕಾಗಿದ್ದು.

ಈ ಬೋರಲು ಹಾಕುವ ಉಪಾಯ ಮೊದಲ ದಿನವೇ ಹೊಳೆದಿದ್ದಲ್ಲ. ಮೊದಲು ಹೆಜ್ಜೆ ಲೆಕ್ಕ ಹಾಕುವಂತೆ ಮಾಡಿದ್ದ. ಎದ್ದು ಓಡಾಡಿದರೆ ಅದಕ್ಕೆ ತಾನಾಗಿ ತಿಳಿಯಬೇಕಿತ್ತು. ಆದರೆ ನಾನು ಫೋನ್ ಟೇಬಲ್ ಮೇಲೆ ಬಿಟ್ಟು ಹಿತ್ತಲಿಗೆ ಹೋಗುವವಳು. ಕರಿಬೇವಿನ ಗಿಡಕ್ಕೆ ನೀರು ಹಾಕಿ ಬಂದರೆ ‘ನೀವಿನ್ನೂ ಎದ್ದಿಲ್ಲ’ ಅಂತ ಬಂದಿರುತ್ತಿತ್ತು. ಫೋನ್ ಬಿಟ್ಟು ಹೋದದ್ದಕ್ಕೇ ಬೈಗುಳ!

ಸದ್ದಿನದ್ದು ಬೇರೆ ಕಥೆ. ಮೊದಲ ಆವೃತ್ತಿಗೆ ನಮ್ಮ ಮನೆ ಕುಕ್ಕರಿನ ವಿಷಲ್ ರೆಕಾರ್ಡ್ ಮಾಡಿ ಹಾಕಿದ್ದ. ‘ಇದಕ್ಕೆ ಏಳದೇ ಇರೋರು ಯಾರು ಹೇಳು’ ಅಂತ ಅವನ ವಾದ. ರಾತ್ರಿ ಹನ್ನೊಂದಕ್ಕೆ ಅಮ್ಮ ಹಾಸಿಗೆ ಬಿಟ್ಟು ಅಡುಗೆಮನೆಗೆ ಓಡಿದರು. ಎರಡನೇ ದಿನವೂ ಓಡಿದರು. ಮೂರನೇ ದಿನ ಏಳಲಿಲ್ಲ, ಮರುದಿನ ಮಧ್ಯಾಹ್ನ ನಿಜವಾದ ಕುಕ್ಕರ್ ಕೂಗಿದಾಗಲೂ ಏಳಲಿಲ್ಲ. ಬೇಳೆ ತಳ ಹಿಡಿಯಿತು. ಈಗ ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಸದ್ದು ಇದೆ. ಯಾರಿಗೂ ತೊಂದರೆ ಇಲ್ಲ, ಕಾಫಿ ನೆನಪಾಗುತ್ತದೆ ಅನ್ನುವುದು ಬಿಟ್ಟರೆ.

ಮೊದಲ ಎರಡು ತಿಂಗಳು ಇನ್ನೊಂದು ಕಾಟ. ಕೆಲವು ದಿನ ಸದ್ದು ಸರಿಯಾಗಿ ಬರುತ್ತಿತ್ತು, ಕೆಲವು ದಿನ ಅರ್ಧ ಗಂಟೆ ತಡ. ಫೋನ್ ಚಾರ್ಜಿಗೆ ಹಾಕಿದ್ದ ದಿನ ಮಾತ್ರ ಸರಿಯಾಗಿ ಬರುತ್ತದೆ ಅಂತ ನಾನೇ ಗಮನಿಸಿ ಹೇಳಿದೆ. ಅವನು ಹಣೆ ಚಚ್ಚಿಕೊಂಡ. ಆಂಡ್ರಾಯ್ಡ್‌ನಲ್ಲಿ ಡೋಜ್ ಅಂತ ಒಂದು ವ್ಯವಸ್ಥೆ ಇದೆ, 2015ರ ಆರನೇ ಆವೃತ್ತಿಯಿಂದ. ಚಾರ್ಜರ್ ಇಲ್ಲದೆ, ಪರದೆ ಆರಿ, ಅಲುಗಾಡದೆ ಬಿದ್ದಿರುವ ಫೋನ್ ಬ್ಯಾಟರಿ ಉಳಿಸಲು ಆ್ಯಪ್‌ಗಳ ಕೆಲಸವನ್ನೆಲ್ಲ ಮುಂದಕ್ಕೆ ಹಾಕುತ್ತದೆ. ನನ್ನನ್ನು ಎಬ್ಬಿಸಬೇಕಾದ ಫೋನು ತಾನೇ ಜೋಂಪು ಹತ್ತಿ ಮಲಗುತ್ತಿತ್ತು ಅನ್ನಿ. ನಿದ್ದೆಯಲ್ಲೂ ಹೊಡೆಯುವ ಅಲಾರಂ ಹಾಕಿ ಸರಿ ಮಾಡಿದ. ಅದಕ್ಕೂ ಅನುಮತಿ ಬೇಕು. ಆಂಡ್ರಾಯ್ಡ್ 14ರಲ್ಲಿ ಇಂಥ ಹೊಸ ಆ್ಯಪ್‌ಗೆ ಅದು ತಾನಾಗಿ ಸಿಗಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ಕೊಡಬೇಕು. ಬೇರೆ ಯಾವುದೇ ರಿಮೈಂಡರ್ ಆ್ಯಪ್ ನಿಮಗೂ ಹೀಗೆ ಕೈಕೊಡುತ್ತಿದ್ದರೆ ಮೊದಲು ಅಲ್ಲಿ ನೋಡಿ.

ಏಳು ನಿಮಿಷದಲ್ಲಿ ಏನು ಮಾಡಬೇಕು ಅಂತ ಆ್ಯಪ್ ಹೇಳಲ್ಲ. ನಾನು ರಾತ್ರಿ ಪಾಳಿಯಲ್ಲಿ ಒಮ್ಮೆ ‘ವೈ-ಬ್ರೇಕ್’ ಮಾಡುತ್ತೇನೆ. ಆಯುಷ್ ಸಚಿವಾಲಯ 2021ರ ಸೆಪ್ಟೆಂಬರ್‌ನಲ್ಲಿ ಆ ಹೆಸರಿನ ಆ್ಯಪ್ ತಂದಿತು. ಕೆಲಸದ ನಡುವೆ ಐದು ನಿಮಿಷದ ಯೋಗ: ತಾಡಾಸನ, ಭುಜ ತಿರುಗಿಸುವುದು, ಸೊಂಟ ತಿರುಗಿಸುವುದು, ನಾಡಿಶೋಧನ, ಭ್ರಾಮರಿ, ಕೊನೆಗೆ ಸ್ವಲ್ಪ ಧ್ಯಾನ. ಕಲಿತ ಮೇಲೆ ವಿಡಿಯೊ ಬೇಕಾಗಿಲ್ಲ. ಒಮ್ಮೆ ಮೈಕ್ ಮ್ಯೂಟ್ ಮಾಡದೆ ಭ್ರಾಮರಿ ಶುರು ಮಾಡಿಬಿಟ್ಟಿದ್ದೆ. ‘ಯಾರ ಮನೇಲಿ ಈ ಹೊತ್ತಲ್ಲಿ ಮಿಕ್ಸಿ ಓಡ್ತಿದೆ’ ಅಂತ ಕಾಲ್‌ನಲ್ಲಿ ಒಬ್ಬರು ಕೇಳಿದರು. ನಾನೂ ‘ಹೌದಲ್ಲ, ಯಾರು’ ಅಂದೆ. ಉಳಿದ ವಿರಾಮಗಳಲ್ಲಿ ಯೋಗ ಗೀಗ ಏನೂ ಇಲ್ಲ, ಸುಮ್ನೆ ಬಾಗಿಲ ಬಳಿ ನಿಂತು ಬೀದಿ ನೋಡುತ್ತೇನೆ. ಇದೇ ಜಾಸ್ತಿ ಹಿಡಿಸಿದ್ದು.

ಇದರಿಂದ ಕೆಲಸ ಚುರುಕಾಯಿತಾ? ಇಲ್ಲ. ಅದನ್ನು ಅವನೂ ಮೊದಲೇ ಹೇಳಿದ್ದ. ಪ್ರಾಜೆಕ್ಟ್ ವರದಿಗಾಗಿ ಅವನು ಓದಿದ್ದ ಪ್ರಬಂಧ ಪ್ಲೋಸ್ ಒನ್ ಪತ್ರಿಕೆಯಲ್ಲಿ 2022ರಲ್ಲಿ ಬಂದದ್ದು. ಹತ್ತು ನಿಮಿಷದೊಳಗಿನ ವಿರಾಮಗಳ ಬಗ್ಗೆ ನಡೆದ 22 ಅಧ್ಯಯನಗಳನ್ನು, ಒಟ್ಟು 2,335 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಲವಲವಿಕೆ ಸ್ವಲ್ಪ ಹೆಚ್ಚುತ್ತದೆ, ದಣಿವು ಸ್ವಲ್ಪ ಇಳಿಯುತ್ತದೆ. ಕೆಲಸದ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನನ್ನ ಅನುಭವವೂ ಇದೇ. ಕೋಡಿಂಗ್ ನಿಖರತೆ ಮೊದಲೂ 96ರ ಆಸುಪಾಸು, ಈಗಲೂ ಅಷ್ಟೇ. ಆದರೆ ಬೆಳಿಗ್ಗೆ ಲಾಗ್‌ಔಟ್ ಮಾಡಿದಾಗ ಅಮ್ಮನ ಮೇಲೆ ರೇಗುವುದು ಕಮ್ಮಿಯಾಗಿದೆ. ಇದು ಅಮ್ಮನೇ ಹೇಳಿದ್ದು.

ಈಗ ಬೇಜಾರಿನ ಭಾಗ. ಎರಡನೇ ಆವೃತ್ತಿಯಲ್ಲಿ ಒಂದು ಗಿಡ ಬಂತು. ದಿನಕ್ಕೆ ಆರು ವಿರಾಮ ತಗೊಂಡರೆ ಒಂದು ಎಲೆ. ಸತತವಾಗಿ ಮಾಡಿದರೆ ಹೂವು. ನಲವತ್ತು ದಿನ ಬೆಳೆಸಿದೆ. ಸುಳ್ಳು ಯಾಕೆ, ಖುಷಿಯೂ ಆಗುತ್ತಿತ್ತು. ವಿರಾಮ ಬೇಡದಿದ್ದಾಗಲೂ ಎಲೆಗೋಸ್ಕರ ಫೋನ್ ಬೋರಲು ಹಾಕಿ ಕೆಲಸ ಮುಂದುವರಿಸುತ್ತಿದ್ದೆ. ಆಮೇಲೆ ಅಪ್ಪ ಆಸ್ಪತ್ರೆ ಸೇರಿದರು. ನಾಲ್ಕನೇ ದಿನ ಐಸಿಯು ಹೊರಗಿನ ಬೆಂಚಿನಲ್ಲಿ ಕೂತು ಡಾಕ್ಟರ್ ಕರೆಯುತ್ತಾರೇನೋ ಅಂತ ಫೋನ್ ಹಿಡಿದಿದ್ದೆ. ‘ನಿಮ್ಮ ಗಿಡ ಒಣಗಿದೆ’ ಅಂತ ಬಂತು.

ಅಲ್ಲೇ ಅಳಿಸಿಹಾಕಿದೆ. ಅಪ್ಪ ಮನೆಗೆ ಬಂದ ಮೇಲೆ ಹುಡುಗನನ್ನು ಕೂರಿಸಿ ಹೇಳಿದೆ. ಅವನು ಏನೂ ವಾದ ಮಾಡಲಿಲ್ಲ. ಗಿಡ ತೆಗೆದ, ಲೆಕ್ಕ ತೆಗೆದ. ‘ಈಗ ಹೇಗನ್ನಿಸುತ್ತಿದೆ’ ಅಂತ ಐದು ಮುಖ ತೋರಿಸುವ ಪುಟವನ್ನೂ ತೆಗೆದ. ಅದರಲ್ಲಿ ನಾನು ಯಾವಾಗಲೂ ನಡುವಿನ ಮುಖವನ್ನೇ ಒತ್ತುತ್ತಿದ್ದೆ, ಬೇಗ ಮುಗಿಯಲಿ ಅಂತ. ಈಗ ನಿನ್ನೆ ಎಷ್ಟು ಸಲ ಎದ್ದೆ ಅನ್ನುವುದು ಆ್ಯಪ್‌ಗೂ ನೆನಪಿರಲ್ಲ. ಇಂಟರ್ನೆಟ್ ಅನುಮತಿಯನ್ನೇ ಅದು ಕೇಳಲ್ಲ. ಇದನ್ನು ನಾನು ದೊಡ್ಡ ಗುಣ ಅನ್ನುತ್ತೇನೆ. ಆನ್‌ಲೈನ್ ಕೌನ್ಸೆಲಿಂಗ್ ಕೊಡುವ ಬೆಟರ್‌ಹೆಲ್ಪ್ ಕಂಪನಿ ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗಾಗಿ ಹಂಚಿಕೊಂಡಿತು ಅನ್ನುವ ಆರೋಪದ ಮೇಲೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿತು. ಮನಸ್ಸಿನ ವಿಷಯ ಕೇಳುವ ಆ್ಯಪ್ ಅದನ್ನು ಎಲ್ಲಿಗೆ ಕಳಿಸುತ್ತದೆ ಅಂತ ನೋಡಿಕೊಳ್ಳಬೇಕಲ್ವಾ?

ಏಳು ನಿಮಿಷಕ್ಕೆ ಬಗ್ಗದ ಕಾಲವೂ ಇತ್ತು. ಅಪ್ಪನ ಗಲಾಟೆ ಮುಗಿದ ಮೇಲೆ ಮೂರು ವಾರ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರುತ್ತಿರಲಿಲ್ಲ. ಬಾಗಿಲ ಬಳಿ ನಿಂತರೆ ಕಾರಣವಿಲ್ಲದೆ ಕಣ್ಣು ತುಂಬುತ್ತಿತ್ತು. ಒಂದು ರಾತ್ರಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಮಾಡಿದೆ, 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಿದೆ. ಆ ಕಡೆಯವರು ಹೆಚ್ಚಾಗಿ ಕೇಳಿಸಿಕೊಂಡರು, ಕೊನೆಗೆ ಡಾಕ್ಟರನ್ನು ಕಾಣಲು ಹೇಳಿದರು, ಹೋದೆ. ‘ಏಳು’ ಆ್ಯಪ್‌ನ ಒಳಗೆ ಈಗ ಇರುವ ಒಂದೇ ಒಂದು ಬರಹದ ಪುಟದಲ್ಲಿ ಆ ನಂಬರ್ ಇದೆ. ನಾನೇ ಹಾಕಿಸಿದ್ದು.

ಕೊರತೆಗಳು ಇನ್ನೂ ಇವೆ. ಮೀಟಿಂಗ್ ನಡುವೆಯೂ ಚಮಚ ಬಡಿಯುತ್ತದೆ. ಐಫೋನ್‌ಗೆ ಇಲ್ಲ, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು, ಅವನ ಹತ್ತಿರ ಮ್ಯಾಕ್ ಕೂಡ ಇಲ್ಲ. ಪ್ಲೇ ಸ್ಟೋರ್‌ನಲ್ಲಿ 25 ಡಾಲರ್ ಒಮ್ಮೆ ಕಟ್ಟಿದರೆ ಸಾಕು, ಕಟ್ಟಿದ್ದಾನೆ. ಆದರೆ ಹೊಸದಾಗಿ ಖಾತೆ ತೆರೆದವರು ಆ್ಯಪ್ ಬಿಡುಗಡೆ ಮಾಡುವ ಮುಂಚೆ 12 ಜನರ ಹತ್ತಿರ 14 ದಿನ ಬಿಡದೆ ಪರೀಕ್ಷೆ ಮಾಡಿಸಬೇಕಂತೆ. ನಾನು, ಅಕ್ಕ, ಭಾವ, ಅವನ ಐದು ಜನ ಸ್ನೇಹಿತರು. ನಿನ್ನೆ ಅಮ್ಮನ ಫೋನಿಗೂ ಹಾಕಿದ. ‘ನಾನು ಕೂರೋದೇ ಇಲ್ವಲ್ಲೋ, ನನಗ್ಯಾಕೆ ಏಳು ಅನ್ನೋದು’ ಅಂತ ಅವರು ಕೇಳುತ್ತಿದ್ದರು. ಅಲ್ಲಿಗೆ ಒಂಬತ್ತಾಯಿತು. ಆಂಡ್ರಾಯ್ಡ್ ಫೋನ್ ಇರುವ ಇನ್ನೂ ಮೂರು ಜನ ಬೇಕು.