ಲಕ್ಷದ್ವೀಪದ ‘ಸಮುದ್ರಂ’ ಹಡಗು ಪ್ರವಾಸ: ದೋಣಿಯವರಿಗೆ ಪೂರ್ತಿ ಅಂಕ, ಆಡಳಿತಕ್ಕೆ ಅರ್ಧವೂ ಇಲ್ಲ

ಕಾಸರಗೋಡಿನಿಂದ ಲಕ್ಷದ್ವೀಪಕ್ಕೆ ಹೊರಡುವವರಿಗೆ ಈಗಲೂ ನೆಚ್ಚಿನ ದಾರಿ ಕೊಚ್ಚಿಯದೇ. ದ್ವೀಪದ ಆಡಳಿತಕ್ಕೆ ಸೇರಿದ ಪ್ರವಾಸೋದ್ಯಮ ಸಂಸ್ಥೆ ‘ಸ್ಪೋರ್ಟ್ಸ್’ ನಡೆಸುವ ‘ಸಮುದ್ರಂ’ ಪ್ಯಾಕೇಜ್ ಐದು ದಿನದ್ದು. ರಾತ್ರಿ ಹಡಗಿನಲ್ಲಿ ಪಯಣ, ಹಗಲು ದ್ವೀಪದಲ್ಲಿ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರನ್ನೂ ತೋರಿಸುತ್ತಾರೆ. ಈ ಸೇವೆಯಲ್ಲಿ ದ್ವೀಪದವರ ಕೈಯಲ್ಲಿರುವ ಕೆಲಸವೆಲ್ಲ ಅಚ್ಚುಕಟ್ಟು. ಮೇಲಿನಿಂದ ತೀರ್ಮಾನವಾಗಿ ಇಳಿದು ಬರುವುದರಲ್ಲೇ ಹುಳುಕು. ಕೋವಿಡ್ ಕಾಲದಲ್ಲಿ ಕಂಡ ಆ ಹುಳುಕು ಇಂದಿನ ಟಿಕೆಟ್ಟಿನ ಸಾಲಿನವರೆಗೂ ಬಂದಿದೆ.

ಮೊದಲು ಕಾಗದಪತ್ರ. ದ್ವೀಪದವರಲ್ಲದ ಪ್ರವಾಸಿಗರು, ಭಾರತೀಯರಾದರೂ, 1967ರ ಪ್ರವೇಶ ನಿರ್ಬಂಧ ನಿಯಮದ ಪ್ರಕಾರ ಪರ್ಮಿಟ್ ಪಡೆಯಲೇಬೇಕು. ಅದಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುತ್ತಾರೆ. ಕಾಸರಗೋಡಿನವರು ಕೇರಳ ಪೊಲೀಸರ ‘ತುಣ’ ಪೋರ್ಟಲಿನಲ್ಲಿ ತಾವೇ ಅರ್ಜಿ ಹಾಕಬಹುದು, ಇಲ್ಲವೇ ಹತ್ತಿರದ ಅಕ್ಷಯ ಕೇಂದ್ರದಲ್ಲಿ ಮಾಡಿಸಬಹುದು. ಕೆಲಸ ಕೆಡುವುದು ಹೆಚ್ಚಾಗಿ ಹೆಸರಿನಲ್ಲಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಶಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಇನ್ನೊಂದು ಕಾರ್ಡಿನಲ್ಲಿ ಮನೆಹೆಸರು ಸೇರಿಕೊಂಡಿರುತ್ತದೆ. ಆಧಾರ್‌ನಲ್ಲಿ ಇದ್ದಂತೆಯೇ ಎಲ್ಲ ಕಡೆ ತುಂಬಿಸಿ. ಪರ್ಮಿಟ್ ಅರ್ಜಿಗೆ ತಲಾ 50 ರೂಪಾಯಿ, ವಯಸ್ಕರಿಗೆ ಪಾರಂಪರಿಕ ಶುಲ್ಕ 200 ರೂಪಾಯಿ ಬೇರೆ. ಮೂಲ ಪ್ರತಿ ಕೈಯಲ್ಲಿರಲಿ, ಜೆರಾಕ್ಸ್ ಎರಡು ಸೆಟ್ ಇರಲಿ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲದ ಕಡಲಿಗೆ ಹೆದರಿ ಹಡಗಿನ ಪ್ರವಾಸವೇ ಇರುವುದಿಲ್ಲ. ಕೊಚ್ಚಿಯ ವಿಲಿಂಗ್ಡನ್ ಐಲೆಂಡಿನ ದಕ್ಕೆಯಲ್ಲಿ ಹಡಗು ಹತ್ತಬೇಕು. ಹಡಗು ಹೊರಡುವ ದಿನವೇ ರೈಲಿನಲ್ಲಿ ಬಂದು ಹತ್ತುವ ಲೆಕ್ಕ ಹಾಕಬೇಡಿ, ಹಿಂದಿನ ರಾತ್ರಿಯೇ ಎರ್ನಾಕುಲದಲ್ಲಿ ಇರಿ.

ಹಡಗಿನಿಂದ ದೋಣಿಗೆ ಇಳಿಯುವುದು ಈ ಪ್ರವಾಸದ ನಿಜವಾದ ಪರೀಕ್ಷೆ. ದ್ವೀಪದ ಸುತ್ತ ಹವಳದ ದಿಬ್ಬ, ಅದರೊಳಗೆ ಆಳವಿಲ್ಲದ ಲಗೂನ್. ದೊಡ್ಡ ಹಡಗು ಒಳಗೆ ಬರಲಾಗದೆ ಹೊರಗೇ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಕಾಲಿಡಬೇಕು. ಅಲೆಗೆ ದೋಣಿ ಎರಡು ಮೂರು ಅಡಿ ಏರಿ ಇಳಿಯುತ್ತಿರುತ್ತದೆ. ದೋಣಿ ಮೇಲೇರಿ ಬಾಗಿಲಿನ ಮಟ್ಟಕ್ಕೆ ಬಂದ ಕ್ಷಣದಲ್ಲಿ ಕಾಲಿಡಬೇಕು, ಇಳಿಯುವಾಗ ಅಲ್ಲ. ಕೈ ಎರಡೂ ಖಾಲಿ ಇರಲಿ, ಚೀಲ ಬೆನ್ನಿಗೆ ಇರಲಿ. ಸೀರೆ, ಮುಂಡು ಬೇಡ. ಖಲಾಸಿಗಳು ರಟ್ಟೆ ಹಿಡಿದು ‘ಈಗ’ ಎಂದಾಗ ಅನುಮಾನಿಸದೆ ಹೆಜ್ಜೆ ಹಾಕಿ. ಅವರ ಅಂದಾಜು ತಪ್ಪುವುದು ಅಪರೂಪ. ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವ ಮುನ್ನ ಎರಡು ಸಲ ಯೋಚಿಸಿ, ಒಂದು ದಿನದಲ್ಲಿ ಇದನ್ನು ಎರಡು ಬಾರಿ ಮಾಡಬೇಕು. ವಾಂತಿಯ ಮಾತ್ರೆಯನ್ನು ಹಡಗು ಅಲುಗಾಡಿದ ಮೇಲೆ ನುಂಗಿ ಫಲವಿಲ್ಲ, ಹೊರಡುವ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಬರ್ತ್ ಹಡಗಿನ ನಡುಭಾಗದಲ್ಲಿ, ಕೆಳಗೆ ಸಿಕ್ಕಿದರೆ ಅಲುಗಾಟ ಕಡಿಮೆ.

ಊಟದಲ್ಲಿ ಸೂರೆ ಮೀನು (ಟ್ಯೂನಾ), ತೆಂಗಿನಕಾಯಿ ಧಾರಾಳ. ಸಸ್ಯಾಹಾರಿಗಳು ಬುಕಿಂಗ್ ಹೊತ್ತಿಗೇ ಹೇಳಬೇಕು. ಕವರತ್ತಿ, ಕಲ್ಪೇನಿಯ ಜಸರಿ ಮಾತು ನಮ್ಮ ಕಡೆಯ ಮಲಯಾಳ ಬಲ್ಲವರಿಗೆ ಅರೆಬರೆ ಅರ್ಥವಾಗುತ್ತದೆ, ಮಿನಿಕಾಯ್‌ನ ಮಹಲ್ ಬೇರೆಯೇ ಭಾಷೆ. ನೀರನ್ನು ಹಿಡಿದು ಬಳಸಿ. ಅಲ್ಲಿ ಸಿಹಿನೀರೆಂದರೆ ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಪದರ. ಹೆಚ್ಚು ಎಳೆದರೆ ಬಾವಿಗೆ ಉಪ್ಪು ಏರುತ್ತದೆ.

ಇನ್ನು ಅಂಕ ಕಳೆಯಬೇಕಾದ ಭಾಗ.

ವಿಲಿಂಗ್ಡನ್ ಐಲೆಂಡಿನ ದಕ್ಕೆಯೇ ಲಕ್ಷದ್ವೀಪದ ಬಾಗಿಲು. 2020ರಲ್ಲಿ ಆ ಬಾಗಿಲನ್ನು ಕಾದ ರೀತಿ ದೇಶಕ್ಕೇ ಮಾದರಿಯಾಗಿತ್ತು. ಹೊರಗಿನವರ ಪ್ರವೇಶ ನಿಂತಿತು. ಊರಿಗೆ ಮರಳುವ ದ್ವೀಪದವರೇ ಆದರೂ ಕೊಚ್ಚಿಯಲ್ಲಿ ಏಳು ದಿನ ಕ್ವಾರಂಟೈನ್ ಇರಬೇಕು, ಆಮೇಲೆ ಪರೀಕ್ಷೆ, ನೆಗೆಟಿವ್ ಬಂದರೆ ಹಡಗು, ದ್ವೀಪ ತಲುಪಿದ ಮೇಲೆ ಮತ್ತೆ ಹದಿನಾಲ್ಕು ದಿನ ಪ್ರತ್ಯೇಕ ವಾಸ. ಲೆಕ್ಕ ಸರಳ. ಸೋಂಕು ತಗುಲಿದ ಮೊದಲ ಒಂದೆರಡು ದಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಏಳು ದಿನ ಕಾದು ನೋಡಿದರೆ ಬಹುಪಾಲು ಸಿಗುತ್ತದೆ, ತಪ್ಪಿಸಿಕೊಂಡದ್ದು ಆಮೇಲಿನ ಹದಿನಾಲ್ಕು ದಿನದಲ್ಲಿ ಹೊರಬೀಳುತ್ತದೆ. ದೇಶದಲ್ಲಿ ಲಕ್ಷಗಟ್ಟಲೆ ಪ್ರಕರಣಗಳಿದ್ದ ಹೊತ್ತಿನಲ್ಲಿ ಲಕ್ಷದ್ವೀಪದ ಲೆಕ್ಕ ಸೊನ್ನೆಯಲ್ಲೇ ನಿಂತಿತ್ತು.

2020 ಡಿಸೆಂಬರ್‌ನಲ್ಲಿ ಪ್ರಫುಲ್ ಖೋಡಾ ಪಟೇಲ್ ಕೇಂದ್ರ ನೇಮಿಸಿದ ಆಡಳಿತಾಧಿಕಾರಿಯಾಗಿ ಬಂದರು. ಆ ತಿಂಗಳ ಕೊನೆಗೇ ನಿಯಮ ಬದಲಾಯಿತು. 48 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಇದ್ದರೆ ಸಾಕು, ಹಡಗು ಹತ್ತಬಹುದು. ತಪ್ಪಿದ್ದು ಇಲ್ಲೇ. ಮಾದರಿ ಕೊಟ್ಟ ಮೇಲೆ ಎರಡು ದಿನ ಕೊಚ್ಚಿಯ ಲಾಡ್ಜ್, ಪೇಟೆ, ಬಸ್ಸು ಎಲ್ಲ ಸುತ್ತಿ, ಬಳಿಕ ಮುಚ್ಚಿದ ಎಸಿ ಹಡಗಿನಲ್ಲಿ ನೂರಾರು ಜನರ ಜತೆ ಒಂದು ರಾತ್ರಿ ಕಳೆದವರ ಕೈಯಲ್ಲಿರುವ ವರದಿ ಎರಡು ದಿನದ ಹಿಂದಿನ ಗಂಟಲಿನ ಕತೆ ಹೇಳುತ್ತದೆ, ಅಷ್ಟೆ. ದ್ವೀಪದವರು ಆಗಲೇ ಬೀದಿಗಿಳಿದು ವಿರೋಧಿಸಿದರು. 2021 ಜನವರಿ 18ರಂದು ಮೊದಲ ಪ್ರಕರಣ ದಾಖಲಾಯಿತು, ಕೊಚ್ಚಿಯಿಂದ ಹಡಗಿನಲ್ಲಿ ಬಂದ ಮೀಸಲು ಪಡೆಯ ಜವಾನನಲ್ಲಿ. ಮೇ ಹೊತ್ತಿಗೆ ಸಾವಿರಗಟ್ಟಲೆ. ಸಾಂಕ್ರಾಮಿಕ ಮುಗಿಯುವಷ್ಟರಲ್ಲಿ 52 ಸಾವು. 2011ರ ಜನಗಣತಿಯಂತೆ ಇಡೀ ಲಕ್ಷದ್ವೀಪದ ಜನಸಂಖ್ಯೆ 64,473.

ಆರ್ಥಿಕ ಚಟುವಟಿಕೆ ಮತ್ತೆ ಶುರುವಾಗಬೇಕಿತ್ತು ಎಂಬುದು ಆಡಳಿತದ ಸಮರ್ಥನೆ. ಅದನ್ನು ತಳ್ಳಿಹಾಕುವಂತಿಲ್ಲ. ದೋಣಿ ನಡೆಸುವವರು, ಸ್ಕೂಬಾ ಕಲಿಸುವವರು, ಅಡುಗೆಯವರು ಒಂದು ಇಡೀ ಸೀಸನ್ ಕೂಲಿ ಕಳೆದುಕೊಂಡಿದ್ದರು. ಚಿಕಿತ್ಸೆಗೆ, ಓದಿಗೆ ಕೊಚ್ಚಿಗೆ ಬಂದವರಿಗೆ ಏಳು ದಿನದ ಕಾಯುವಿಕೆ ಸಣ್ಣ ಕಷ್ಟವಾಗಿರಲಿಲ್ಲ. ಆದರೆ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆಯುವ ದಾರಿಗಳಿದ್ದವು. ಏಳನ್ನು ಐದಕ್ಕೆ ಇಳಿಸಿ ಎರಡೂ ತುದಿಯಲ್ಲಿ ಪರೀಕ್ಷೆ ಇಡಬಹುದಿತ್ತು. ಜನವಸತಿಯಿಲ್ಲದ ಬಂಗಾರಂ, ತಿನ್ನಕರೆಗೆ ಮಾತ್ರ ಮೊದಲು ಪ್ರವಾಸಿಗರನ್ನು ಬಿಡಬಹುದಿತ್ತು. ಲಕ್ಷದ್ವೀಪವನ್ನು ಮಾಲ್ದೀವ್ಸ್‌ನಂತೆ ಬೆಳೆಸಬೇಕು ಎಂದು ಹೇಳುತ್ತಿದ್ದ ಆಡಳಿತ, ಮಾಲ್ದೀವ್ಸ್ ತೆರೆದ ಬಗೆಯನ್ನೇ ಗಮನಿಸಲಿಲ್ಲ. ಪ್ರವಾಸಿಗರಿಂದಲೇ ಹೊಟ್ಟೆ ಹೊರೆಯುವ ಆ ದೇಶ 2020ರಲ್ಲಿ ತನ್ನ ಆದಾಯದ ಸುಮಾರು ಮೂರನೇ ಒಂದು ಭಾಗ ಕಳೆದುಕೊಂಡಿತು. ಜುಲೈ 15ರಂದು ಗಡಿ ತೆರೆದಾಗಲೂ ಮೊದಲು ಬಿಟ್ಟಿದ್ದು ಒಂದು ದ್ವೀಪಕ್ಕೆ ಒಂದೇ ಎಂಬಂತಿರುವ ರೆಸಾರ್ಟುಗಳಿಗೆ. ಊರ ಜನ ಇರುವ ದ್ವೀಪಗಳ ಗೆಸ್ಟ್‌ಹೌಸುಗಳು ಆಮೇಲೆ ತೆರೆದವು. ನಮ್ಮ ‘ಸಮುದ್ರಂ’ ಹೋಗುವುದೇ ಜನ ತುಂಬಿದ ಮೂರು ದ್ವೀಪಗಳಿಗೆ. ಹಾಗಾಗಿ ತಡೆ ಇರಬೇಕಾದ್ದು ಕೊಚ್ಚಿಯ ದಕ್ಕೆಯಲ್ಲೇ, ಅದನ್ನೇ ಸಡಿಲ ಮಾಡಿದರು.

ಜನರ ಸಿಟ್ಟು ಉಕ್ಕಿದ್ದು ಇದೊಂದಕ್ಕೇ ಅಲ್ಲ. ಸೋಂಕು ಹಬ್ಬುತ್ತಿದ್ದ ಅದೇ ತಿಂಗಳುಗಳಲ್ಲಿ ಭೂಸ್ವಾಧೀನಕ್ಕೆ ದಾರಿ ಮಾಡುವ ಅಭಿವೃದ್ಧಿ ಪ್ರಾಧಿಕಾರದ ಕರಡು ಬಂತು, ದಡದ ಮೀನುಗಾರರ ಶೆಡ್ಡುಗಳು ಬಿದ್ದವು, ಗುತ್ತಿಗೆ ನೌಕರರು ಕೆಲಸ ಕಳೆದುಕೊಂಡರು. ಅವರಲ್ಲಿ ಪ್ರವಾಸೋದ್ಯಮ ಇಲಾಖೆಯವರೂ ಇದ್ದರು. ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಲು ನಾಲ್ವರ ಸಮಿತಿ ದಾಖಲೆ ನೋಡಿ ಒಪ್ಪಬೇಕು ಎಂಬ ಆದೇಶ ಹೊರಟಿತು. ಮೇ 31ರಂದು ಕೇರಳ ವಿಧಾನಸಭೆ ಆಡಳಿತಾಧಿಕಾರಿಯನ್ನು ವಾಪಸ್ ಕರೆಸಿಕೊಳ್ಳಿ ಎಂದು ಒಮ್ಮತದ ನಿರ್ಣಯ ಮಾಡಿತು. ಜೂನ್ 7ರಂದು ದ್ವೀಪದವರು ಮನೆಮನೆಯಲ್ಲೇ ಹನ್ನೆರಡು ತಾಸು ಉಪವಾಸ ಕುಳಿತರು.

ಆ ಹೆಲಿಕಾಪ್ಟರ್ ಆದೇಶದ ಅರ್ಥವನ್ನು ಮಂಜೇಶ್ವರ, ಕುಂಬಳೆಯ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. 2020 ಮಾರ್ಚ್‌ನಲ್ಲಿ ಕರ್ನಾಟಕ ತಲಪಾಡಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆ ಕಣ್ಣಳತೆಯಲ್ಲಿದ್ದೂ ತಲುಪಲಾಗದೆ ಜೀವ ಹೋಯಿತು. ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿ ಎಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಹೇಳಬೇಕಾಯಿತು. ಕಾಸರಗೋಡು ತಾಲೂಕೂ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಸೇರಿದ ಅಮಿನ್‌ದಿವಿ ದ್ವೀಪಗಳೂ 1956 ನವೆಂಬರ್ 1ರವರೆಗೆ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಕೊಪ್ಪರ, ತೆಂಗಿನ ಹುರಿ ಮಂಗಳೂರಿನ ಬಂದರಿಗೆ ಬರುತ್ತಿತ್ತು, ಅಕ್ಕಿ ಅಲ್ಲಿಂದ ಹೋಗುತ್ತಿತ್ತು. ಒಂದೇ ದಿನ ಎರಡೂ ಬೇರೆ ಬೇರೆ ಕಡೆಗೆ ಹಂಚಿಹೋದವು. ದೂರದಲ್ಲಿ ಕುಳಿತವರು ಗೆರೆ ಎಳೆದರೆ ರೋಗಿ ಯಾವ ಬದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ ಎಂಬುದು ಎರಡೂ ಕಡೆಯವರಿಗೆ ಗೊತ್ತು.

ಈಗಿನ ತೊಂದರೆ ಹಡಗಿನದು. 700 ಜನರ ‘ಎಂ.ವಿ. ಕವರತ್ತಿ’ಯೇ ಎಲ್ಲಕ್ಕಿಂತ ದೊಡ್ಡದು. 2021 ಡಿಸೆಂಬರ್ ಆರಂಭದಲ್ಲಿ ಆರುನೂರಕ್ಕೂ ಹೆಚ್ಚು ಪ್ರಯಾಣಿಕರಿದ್ದಾಗ ಅದರ ಎಂಜಿನ್ ಕೋಣೆಗೆ ಬೆಂಕಿ ಬಿತ್ತು, ಪುಣ್ಯಕ್ಕೆ ಪ್ರಾಣಹಾನಿಯಾಗಲಿಲ್ಲ. ‘ಕೋರಲ್ಸ್’, ‘ಲಗೂನ್ಸ್’ ತಲಾ 400 ಜನರವು, ‘ಅರೇಬಿಯನ್ ಸೀ’, ‘ಲಕ್ಷದ್ವೀಪ್ ಸೀ’ ತಲಾ 250ರವು. ಹಳೆಯ ಹಡಗುಗಳು ನಿವೃತ್ತಿಯಾದವು, ಉಳಿದವು ಸರದಿಯಲ್ಲಿ ದುರಸ್ತಿಗೆ ಹೋದವು. ಆಸ್ಪತ್ರೆಗೆ ಬಂದ ದ್ವೀಪದವರು ಮರಳುವ ಟಿಕೆಟ್ ಸಿಗದೆ ಕೊಚ್ಚಿಯಲ್ಲಿ ದಿನಗಟ್ಟಲೆ ಬಾಡಿಗೆ ತೆತ್ತು ಕೂರುವಂತಾಯಿತು. 2024 ಜನವರಿಯಲ್ಲಿ ಪ್ರಧಾನಿ ಭೇಟಿಯ ಬಳಿಕ ಪ್ರವಾಸಿಗರ ಬೇಡಿಕೆ ಒಮ್ಮೆಲೇ ಏರಿತು. ಬರ್ತ್‌ಗಳು ಹಾಗೆ ಏರಲಿಲ್ಲ.

ಅಂಕ ಹೀಗೆ: ದೋಣಿಯವರು, ಖಲಾಸಿಗಳು ಐದಕ್ಕೆ ಐದು. ಊಟ ನಾಲ್ಕು. ದ್ವೀಪದ ಮಾರ್ಗದರ್ಶಕರು ನಾಲ್ಕೂವರೆ. ಟಿಕೆಟ್ ಮತ್ತು ಹಡಗಿನ ಸಮಯಪಾಲನೆ ಎರಡು. ಆಡಳಿತದ ಹೊಣೆಗಾರಿಕೆಗೆ ಒಂದು, ಅದೂ 2020ರಲ್ಲಿ ಬಾಗಿಲು ಕಾದ ಆ ತಿಂಗಳುಗಳಿಗಾಗಿ.

ಹೋಗುವುದೇ ಆದರೆ ಕಡಲು ಶಾಂತವಾಗಿರುವ ಅಕ್ಟೋಬರ್–ಮಾರ್ಚ್‌ನಲ್ಲಿ ಹೋಗಿ. ಈದ್‌ನ ಹಿಂದುಮುಂದಿನ ವಾರ, ಶಾಲೆ–ಕಾಲೇಜು ತೆರೆಯುವ ವಾರ ಬಿಟ್ಟುಬಿಡಿ, ಆ ಬರ್ತ್ ದ್ವೀಪದವರಿಗೆ ಬೇಕು. ಮಂಗಳೂರಿನ ಹಳೆ ಬಂದರಿಗೆ 2024 ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಸುಮಾರು ಏಳು ತಾಸಿನಲ್ಲಿ ಬಂದು ಮುಟ್ಟಿತ್ತು. ಕಾಸರಗೋಡಿನಿಂದ ಮಂಗಳೂರು ಒಂದೂವರೆ ತಾಸಿನ ಬಸ್ಸು. ಆ ದಾರಿಯಲ್ಲಿ ಹಡಗು ಓಡುತ್ತಿದೆಯೇ ಎಂದು ಬಂದರಿನಲ್ಲಿ ವಿಚಾರಿಸಿಕೊಂಡೇ ಕೊಚ್ಚಿಯ ರೈಲಿಗೆ ಟಿಕೆಟ್ ಮಾಡಿ. ನೆಗಡಿ, ಜ್ವರ ಇದ್ದರೆ ಹೊರಡುವುದನ್ನು ಮುಂದೂಡಿ: ಕಲ್ಪೇನಿಯಲ್ಲಿ ಒಬ್ಬರ ಉಸಿರು ಕಟ್ಟಿದರೆ ದೊಡ್ಡಾಸ್ಪತ್ರೆಗೆ ರಸ್ತೆಯಿಲ್ಲ, ಹೆಲಿಕಾಪ್ಟರ್ ಬರಬೇಕು.