ವೂಕಾಮರ್ಸ್ ವೆಬ್‌ಸೈಟ್, ಮೂರು ಮಳೆಗಾಲದ ಬಳಿಕ: ಉಡುಪಿಯ ಹಪ್ಪಳದಂಗಡಿಗೆ ಲಾಭವೆಷ್ಟು, ಮಂಡೆಬಿಸಿ ಎಷ್ಟು

ಬಳಕೆಯಲ್ಲಿರುವುದು ವರ್ಡ್‌ಪ್ರೆಸ್ (ಸೈಟ್ ಕಟ್ಟುವ ಸಾಫ್ಟ್‌ವೇರ್), ಅದರ ಮೇಲೆ ವೂಕಾಮರ್ಸ್ (ಸೈಟನ್ನು ಅಂಗಡಿ ಮಾಡುವ ಪ್ಲಗಿನ್, ಅಂದರೆ ಜೋಡಿಸುವ ಹೆಚ್ಚುವರಿ ಸಾಫ್ಟ್‌ವೇರ್), ಸಾಧಾರಣ ಶೇರ್ಡ್ ಹೋಸ್ಟಿಂಗ್ (ಹಲವು ಸೈಟ್‌ಗಳು ಹಂಚಿಕೊಳ್ಳುವ ಬಾಡಿಗೆ ಸರ್ವರ್). ಮಾರುವುದು ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಪುನರ್ಪುಳಿ ಸಿರಪ್, ಅಪ್ಪೆಮಿಡಿ ಉಪ್ಪಿನಕಾಯಿ ಇತ್ಯಾದಿ, ಸುಮಾರು 40 ಐಟಂ. ಗಿರಾಕಿಗಳಲ್ಲಿ ಹೆಚ್ಚಿನವರು ಬೆಂಗಳೂರು, ಮುಂಬೈ ಸೇರಿದ ಊರಿನವರೇ. ಐದರಲ್ಲಿ ನಾಲ್ಕು ನಕ್ಷತ್ರ. ವಾರಕ್ಕೆ ಒಂದೆರಡು ಗಂಟೆ ಕೂತು ನೋಡಿಕೊಳ್ಳುವ ಒಬ್ಬರು ಅಂಗಡಿಯಲ್ಲಿ ಇಲ್ಲದಿದ್ದರೆ ಎರಡೇ.

ಸಾಫ್ಟ್‌ವೇರ್ ಪುಕ್ಕಟೆ. ದುಡ್ಡು ಹೋಗುವುದು ಡೊಮೇನ್ (ಸೈಟಿನ ಹೆಸರು) ಮತ್ತು ಹೋಸ್ಟಿಂಗ್‌ಗೆ. ಜಾಹೀರಾತಿನಲ್ಲಿ ಕಾಣುವ ಹೋಸ್ಟಿಂಗ್ ದರ ಮೊದಲ ಅವಧಿಗೆ ಮಾತ್ರ. ರಿನ್ಯೂವಲ್‌ಗೆ ಎರಡು ಮೂರು ಪಟ್ಟು ಆಗುವುದು ಮಾಮೂಲು, ಹೋಲಿಸುವುದಿದ್ದರೆ ಅದನ್ನೇ ಹೋಲಿಸಿ. ಡೊಮೇನ್ ಯಜಮಾನರ ಹೆಸರಿನಲ್ಲಿ, ಅವರದೇ ಇಮೇಲ್‌ನಲ್ಲಿ ಇರಲಿ. ಸೈಟ್ ಮಾಡಿಕೊಟ್ಟ ಹುಡುಗ ಗಲ್ಫ್‌ಗೆ ಹೋದ ಮೇಲೆ ಅವನ ಹಳೇ ನಂಬರಿಗೆ ಹೋಗುವ ಓಟಿಪಿಯನ್ನು ಯಾರೂ ತಂದುಕೊಡುವುದಿಲ್ಲ ಮಾರಾಯ್ರೆ.

ಕನ್ನಡದಲ್ಲಿ ಸೈಟ್ ನಡೆಸುವಾಗಿನ ತೊಂದರೆಗಳೇ ಬೇರೆ. ಡಿಟಿಪಿಯವರು ಕೊಡುವ ಹಳೇ ನುಡಿ ಫಾಂಟಿನ ಬರಹವನ್ನು ಹಾಗೇ ಪೇಸ್ಟ್ ಮಾಡಿದರೆ ಗಿರಾಕಿಯ ಫೋನಿನಲ್ಲಿ ಬರೀ ಗೀಚು ಕಾಣುತ್ತದೆ. ಮೊದಲು ಎಲ್ಲ ಫೋನಿಗೂ ಅರ್ಥವಾಗುವ ಯೂನಿಕೋಡಿಗೆ ಪರಿವರ್ತಿಸಬೇಕು. ಇಂಗ್ಲಿಷಿಗೆಂದು ಮಾಡಿದ ಥೀಮಿನಲ್ಲಿ (ಸೈಟಿನ ಸಿದ್ಧ ವಿನ್ಯಾಸ) ಸಾಲಿನ ಎತ್ತರ ಕಡಿಮೆ, ಬಟನ್ ಒಳಗೆ ಪಕಾರದ ಒತ್ತು ಕತ್ತರಿಸಿ ಹೋಗಿ ‘ಹಪ್ಪಳ’ ‘ಹಪಳ’ ಆಗುತ್ತದೆ. ಲೈನ್ ಹೈಟ್ 1.7 ಇಟ್ಟರೆ ಸರಿ. ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ವಿಳಾಸದಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆ (ಗುಣಿತ, ಹಲಂತವೂ ಬೇರೆ ಬೇರೆ ಲೆಕ್ಕ) ಶೇಕಡಾ ಗುರುತುಗಳ ಸಮೇತ 9 ಅಕ್ಷರವಾಗಿ ಹಿಗ್ಗುತ್ತದೆ. ‘ಹಲಸಿನ-ಹಪ್ಪಳ’ ಎಂಬುದಕ್ಕೆ 91 ಅಕ್ಷರ, ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ 16. ವರ್ಡ್‌ಪ್ರೆಸ್ 200ಕ್ಕೆ ಕತ್ತರಿಸುತ್ತದೆ. ಅಲ್ಲದೆ ಆ ಉದ್ದದ ಲಿಂಕನ್ನು ವಾಟ್ಸಾಪ್‌ನಲ್ಲಿ ಕಂಡವರು ವೈರಸ್ ಎಂದು ಮುಟ್ಟುವುದಿಲ್ಲ.

ಮಂಗಳೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾದರೂ ಹಳೆಯದನ್ನು ಟೈಪ್ ಮಾಡಿ ಹುಡುಕುವವರು ಇದ್ದೇ ಇದ್ದಾರೆ. ‘ನಮ್ಮ ಬಗ್ಗೆ’ ಪುಟದಲ್ಲಿ ಎರಡೂ ರೂಪ ಒಂದೊಂದು ಸಲ ಬರಲಿ, ಸಾಕು.

ಫೋಟೋ: ಫೋನಿನಲ್ಲಿ ತೆಗೆದ 4 ಎಂಬಿ ಚಿತ್ರವನ್ನು ಹಾಗೇ ಏರಿಸಬೇಡಿ. ಅಗಲ 1200 ಪಿಕ್ಸೆಲ್, ವೆಬ್‌ಪಿ ರೂಪ (ಕಡಿಮೆ ಗಾತ್ರದ ಚಿತ್ರ ಫೈಲ್), 150 ಕೆಬಿ ಒಳಗೆ. ಒಂದು ದೊಡ್ಡ ಚಿತ್ರ ಏರಿಸಿದರೆ ವರ್ಡ್‌ಪ್ರೆಸ್, ವೂಕಾಮರ್ಸ್ ಸೇರಿ ಬೇರೆ ಬೇರೆ ಅಳತೆಯ ಸುಮಾರು ಹತ್ತು ಪ್ರತಿ ಮಾಡಿಟ್ಟುಕೊಳ್ಳುತ್ತವೆ. ‘ಅನ್‌ಲಿಮಿಟೆಡ್’ ಹೋಸ್ಟಿಂಗ್‌ನಲ್ಲೂ ಫೈಲ್‌ಗಳ ಸಂಖ್ಯೆಗೆ ಮಿತಿ ಇರುತ್ತದೆ, ಜಾಗ ಬಾಕಿ ಇದ್ದರೂ ಅದು ಮೊದಲು ತುಂಬುತ್ತದೆ.

ಅತಿ ಹೆಚ್ಚು ತಲೆ ತಿಂದದ್ದು ಹಣ ಪಾವತಿ. ಗಿರಾಕಿ ಯುಪಿಐ ಆ್ಯಪ್‌ನಲ್ಲಿ ಪಿನ್ ಒತ್ತುತ್ತಾರೆ, ಹಣ ಕಡಿತವಾಗುತ್ತದೆ, ಆದರೆ ಬ್ರೌಸರಿಗೆ ವಾಪಸ್ ಬರುವುದಿಲ್ಲ. ಆಗ ಸೈಟಿಗೆ ಸುದ್ದಿಯೇ ಮುಟ್ಟದೆ ಆರ್ಡರ್ ‘ಪೆಂಡಿಂಗ್’ ಆಗಿ ಕೂರುತ್ತದೆ. ಸ್ಟಾಕ್ ಹಿಡಿದಿಡುವ ಅವಧಿ ಮೂಲತಃ 60 ನಿಮಿಷ. ಅದು ಮುಗಿದ ಮೇಲೆ ಆರ್ಡರ್ ತಾನಾಗಿ ರದ್ದು. ಹಣ ಗೇಟ್‌ವೇಯಲ್ಲಿ (ಪಾವತಿ ಪಡೆದು ಅಂಗಡಿಗೆ ದಾಟಿಸುವ ಕಂಪನಿ), ಬೈಗುಳ ಅಂಗಡಿಗೆ. ಇದಕ್ಕೆ ಮದ್ದು ವೆಬ್‌ಹುಕ್, ಅಂದರೆ ಹಣ ಬಂದಾಗ ಗೇಟ್‌ವೇ ತಾನಾಗಿ ಸೈಟಿಗೆ ಕಳುಹಿಸುವ ಸಂದೇಶ. ಗೇಟ್‌ವೇ ಡ್ಯಾಶ್‌ಬೋರ್ಡಿನಲ್ಲಿ ಸೈಟಿನ ವೆಬ್‌ಹುಕ್ ವಿಳಾಸ ಹಾಕಿ, ಪಾವತಿ ಯಶಸ್ವಿಯಾದ ಈವೆಂಟ್‌ಗೆ ಟಿಕ್ ಮಾಡಿ, ರಹಸ್ಯ ಕೀಲಿ ಎರಡೂ ಕಡೆ ಒಂದೇ ಇದೆಯೇ ನೋಡಿ. ಬಳಿಕ 1 ರೂಪಾಯಿಯ ಒಂದು ಐಟಂ ಮಾಡಿ, ಕೊಂಡು, ಪಿನ್ ಒತ್ತಿದ ಕೂಡಲೇ ಬ್ರೌಸರ್ ಮುಚ್ಚಿ. ಕೆಲವೇ ನಿಮಿಷದಲ್ಲಿ ಆರ್ಡರ್ ‘ಪ್ರೊಸೆಸಿಂಗ್’ ಆಗಬೇಕು. ಆಗದಿದ್ದರೆ ವೆಬ್‌ಹುಕ್ ಲಾಗ್ ತೆರೆಯಿರಿ: 200 ಎಂದಿದ್ದರೆ ಸಂದೇಶ ಮುಟ್ಟಿದೆ, 403 ಎಂದಿದ್ದರೆ ಹೆಚ್ಚಾಗಿ ನಿಮ್ಮದೇ ಸೆಕ್ಯೂರಿಟಿ ಪ್ಲಗಿನ್ ಬಾಗಿಲು ಹಾಕಿದೆ. ಗೇಟ್‌ವೇ ಶುಲ್ಕ ಶೇ. 2, ಅದರ ಮೇಲೆ ಶೇ. 18 ಜಿಎಸ್‌ಟಿ ಎಂದು ಲೆಕ್ಕ ಹಿಡಿದರೆ 500 ರೂಪಾಯಿಗೆ 11.80 ಹೋಗುತ್ತದೆ, ಬೆಲೆ ಕಟ್ಟುವಾಗಲೇ ಇದು ನೆನಪಿರಲಿ.

ಸಾಗಣೆ ದರದಲ್ಲಿ ಒಂದು ಗುಟ್ಟು. ವೂಕಾಮರ್ಸ್ ನೀವು ಮಾಡಿಟ್ಟ ಸಾಗಣೆ ವಲಯಗಳ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. ‘ಕರ್ನಾಟಕ’ ಮೇಲಿದ್ದರೆ ಮಣಿಪಾಲದ ಗಿರಾಕಿಗೂ ಬೀದರಿನ ದರ ಬೀಳುತ್ತದೆ. 575* ಮತ್ತು 576* (ಆ ಅಂಕಿಗಳಿಂದ ಶುರುವಾಗುವ ಎಲ್ಲವೂ) ಎಂದು ಪಿನ್‌ಕೋಡ್ ಬರೆದ ಸ್ಥಳೀಯ ವಲಯವನ್ನು ಎಲ್ಲಕ್ಕಿಂತ ಮೇಲೆ ಎಳೆದಿಡಿ. ತೂಕದ ಲೆಕ್ಕ ಇನ್ನೊಂದು ಬಗೆಯ ಹೊಡೆತ: 30×25×20 ಸೆಂ.ಮೀ. ಡಬ್ಬಿಯಲ್ಲಿ 1 ಕೆಜಿ ಚಿಪ್ಸ್ ಇದ್ದರೂ, ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುವ ಕೊರಿಯರ್‌ನವರಿಗೆ ಅದು 3 ಕೆಜಿ. ವೂಕಾಮರ್ಸ್‌ನ ಫ್ಲಾಟ್ ರೇಟ್ ಇದನ್ನು ತಾನಾಗಿ ಲೆಕ್ಕ ಹಾಕುವುದಿಲ್ಲ. ಚಿಪ್ಸ್, ಹಪ್ಪಳಕ್ಕೆ ಒಂದು ಶಿಪ್ಪಿಂಗ್ ಕ್ಲಾಸ್ (ಒಂದೇ ಸಾಗಣೆ ದರದ ಐಟಂಗಳ ಗುಂಪು), ಸಿರಪ್ ಬಾಟಲಿಗೆ ಇನ್ನೊಂದು ಮಾಡಿ ದರ ಬೇರೆ ಬೇರೆ ಇಡಿ.

ಹಲಸಿನ ಹಪ್ಪಳ ಮಾಡುವುದು ಬೇಸಿಗೆಯ ಬಿಸಿಲಿನಲ್ಲಿ. ಮುಗಿದಾಗ ಪುಟ ಅಳಿಸಬೇಡಿ, ‘ಸ್ಟಾಕ್ ಇಲ್ಲ, ಮುಂದಿನ ಬೇಸಿಗೆಗೆ’ ಎಂದು ಬಿಡಿ. ಅಳಿಸಿದರೆ ಗೂಗಲ್‌ನಲ್ಲಿ ಗಳಿಸಿದ ಜಾಗವೂ ಹೋಗುತ್ತದೆ, ಮುಂದಿನ ವರ್ಷ ಸೊನ್ನೆಯಿಂದ ಶುರು.

ಆರ್ಡರ್ ಇಮೇಲ್ ಸ್ಪ್ಯಾಮಿಗೆ ಬೀಳುತ್ತಿದ್ದರೆ ಕಳುಹಿಸುವ ವಿಳಾಸ ಜಿಮೇಲ್‌ನದ್ದಾಗಿದೆಯೇ ಎಂದು ನೋಡಿ. ಅದು ಸ್ವಂತ ಡೊಮೇನಿನದ್ದಾಗಿರಬೇಕು, ಎಸ್‌ಪಿಎಫ್ ಮತ್ತು ಡಿಕೆಐಎಂ ದಾಖಲೆ (ಮೇಲ್ ಅಸಲಿ ಎಂದು ತೋರಿಸುವ ಡೊಮೇನ್ ಸೆಟ್ಟಿಂಗ್) ಹಾಕಿರಬೇಕು, ಎಸ್‌ಎಂಟಿಪಿ (ಲಾಗಿನ್ ಆಗಿ ಮೇಲ್ ಕಳುಹಿಸುವ ವ್ಯವಸ್ಥೆ) ಮೂಲಕ ಹೋಗಬೇಕು.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ: 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ಸಂಖ್ಯೆ, ಎಂಆರ್‌ಪಿ, ನಿವ್ವಳ ತೂಕ, ತಯಾರಕರ ವಿಳಾಸ. 2020ರ ಇ-ಕಾಮರ್ಸ್ ನಿಯಮದಂತೆ ದೂರು ನೋಡಿಕೊಳ್ಳುವವರ ಹೆಸರು, ಸಂಪರ್ಕವೂ ಪುಟದಲ್ಲಿರಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು. ಸಣ್ಣ ಅಂಗಡಿಯಾದರೆ ಆ ಹೆಸರು ಯಜಮಾನರದ್ದೇ.

ನಕ್ಷತ್ರ ಕಳೆದದ್ದು ಅಪ್‌ಡೇಟ್‌ಗಳಿಗೆ. ಹತ್ತು ಪ್ಲಗಿನ್ ಒಟ್ಟಿಗೆ ಅಪ್‌ಡೇಟ್ ಒತ್ತಿದ ಮೇಲೆ ಚೆಕ್‌ಔಟ್ ಕೆಟ್ಟರೆ ಯಾವುದರಿಂದ ಎಂದು ಹುಡುಕಲು ಅರ್ಧ ದಿನ ಬೇಕು. ಮೊದಲು ಬ್ಯಾಕಪ್, ಅದೂ ಹೋಸ್ಟಿಂಗ್‌ನ ಹೊರಗೆ, ಗೂಗಲ್ ಡ್ರೈವ್‌ನಲ್ಲಿ. ಮತ್ತೆ ಒಂದೊಂದೇ ಅಪ್‌ಡೇಟ್, ಪ್ರತಿಯೊಂದರ ನಂತರ ಆ 1 ರೂಪಾಯಿಯ ಆರ್ಡರ್. ಮಂಗಳವಾರ ಬೆಳಿಗ್ಗೆ ಮಾಡಿ. ಶನಿವಾರ ಸಂಜೆ ಮುಟ್ಟಬೇಡಿ: ಆರ್ಡರ್ ಹೆಚ್ಚು ಬರುವುದು ಆದಿತ್ಯವಾರ, ಹೋಸ್ಟಿಂಗ್ ಸಪೋರ್ಟಿನವರು ಉತ್ತರಿಸುವುದು ಸೋಮವಾರ.