ಮೂರು ಕಾಲಂ ಹಾಳೆ: ಸಾಲು ಹುಡುಕಿಸುತ್ತದೆ, ಕೊಂಡಿ ಹಾಕಿಸುವುದಿಲ್ಲ

ಓದಿದ್ದರ ಆಧಾರದಿಂದ ತೀರ್ಮಾನಕ್ಕೆ ಬರುವುದನ್ನು ಕಲಿಸಲು ಹೊರಟ ಶಿಕ್ಷಕರ ಕೈಗೆ ಮೊದಲು ಸಿಗುವುದು ಮೂರು ಕಾಲಂನ ಅಭ್ಯಾಸ ಹಾಳೆ. ‘ಪಠ್ಯದಲ್ಲಿ ಏನಿದೆ’, ‘ನನಗೆ ಏನು ಗೊತ್ತಿದೆ’, ‘ಆದ್ದರಿಂದ’. ತಲೆಬರಹದ ಮಾತು ಆಚೀಚೆ ಆಗಬಹುದು, ಲೆಕ್ಕ ಇದೇ. ಓದುವ ಕಾರ್ಡುಗಳ ಜೊತೆ ಅಚ್ಚಾಗಿ ಬರುತ್ತದೆ, ಡೌನ್‌ಲೋಡ್ ಮಾಡಲೂ ಸಿಗುತ್ತದೆ, ಬೋರ್ಡಿನ ಮೇಲೆ ಎರಡು ಗೆರೆ ಎಳೆದರೂ ಸಾಕು. ಶುರು ಮಾಡಲು ಇದು ಒಳ್ಳೆಯ ಸಾಧನ. ಆದರೆ ಇದ್ದಂತೆಯೇ ಬಳಸಿದರೆ ಕೆಲವೇ ಪಾಠಗಳಲ್ಲಿ ಮಕ್ಕಳು ಯೋಚಿಸುವುದನ್ನು ಬಿಟ್ಟು ಖಾಲಿ ಜಾಗ ತುಂಬುವುದಕ್ಕೆ ಇಳಿಯುತ್ತಾರೆ.

ಒಂದು ಪುಟ್ಟ ಪಠ್ಯ ಇಟ್ಟುಕೊಂಡು ಪರೀಕ್ಷಿಸೋಣ:

‘ಸುಮಾ ಕೋಣೆಯಿಂದ ಹೊರಬಂದಳು. ಸೂರಿನ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಬಾಗಿಲಿನಿಂದ ಅಡುಗೆಮನೆವರೆಗೆ ಒದ್ದೆ ಹೆಜ್ಜೆಗಳು. ಕೊಡೆ ಮಾತ್ರ ಮೂಲೆಯಲ್ಲೇ ಇತ್ತು, ಅದರ ಮೇಲೆ ಒಂದು ಹನಿಯೂ ಇರಲಿಲ್ಲ. “ಇವತ್ತೂ ಹೀಗೇನಾ?” ಎನ್ನುತ್ತ ಟವೆಲ್ ಹುಡುಕಿದಳು.’

ಯಾರೋ ಮಳೆಯಲ್ಲಿ ಕೊಡೆಯಿಲ್ಲದೆ ನೆನೆದು ಬಂದಿದ್ದಾರೆ ಎಂಬುದು ಎಲ್ಲಿಯೂ ಬರೆದಿಲ್ಲ, ಆದರೂ ಓದಿದವರಿಗೆ ತಿಳಿಯುತ್ತದೆ. ಹೇಗೆ ತಿಳಿಯಿತು ಎಂದು ಕೇಳಿದರೆ ‘ಓದಿದಾಗ ಹಾಗನಿಸಿತು’ ಎನ್ನುವ ಮಗುವನ್ನು ಮೊದಲ ಕಾಲಂ ಮತ್ತೆ ಪಠ್ಯದ ಬಳಿಗೆ ಕರೆದೊಯ್ಯುತ್ತದೆ. ಹಾಳೆಯ ದೊಡ್ಡ ಗುಣ ಇದು. ಇಲ್ಲಿ ಎರಡು ಕಟ್ಟುಪಾಡು ಬೇಕೇ ಬೇಕು: ಪಠ್ಯದ ಪದಗಳನ್ನು ಇದ್ದಂತೆಯೇ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು, ಮತ್ತು ಹತ್ತು ಪದ ದಾಟಬಾರದು. ಮಿತಿ ಇಲ್ಲದಿದ್ದರೆ ಇಡೀ ಪ್ಯಾರಾವನ್ನೇ ಇಳಿಸಿಬಿಡುತ್ತಾರೆ, ಯಾವುದು ಪುರಾವೆ ಎಂದು ಆರಿಸುವ ಕೆಲಸವೇ ತಪ್ಪಿಹೋಗುತ್ತದೆ.

ತೊಂದರೆ ಇರುವುದು ನಡುವಿನ ಕಾಲಂನಲ್ಲಿ. ‘ನನಗೆ ಏನು ಗೊತ್ತಿದೆ’ ಎಂದು ಕೇಳಿದರೆ ‘ನನಗೆ ಮಳೆ ಇಷ್ಟ’, ‘ನಮ್ಮ ಮನೆಯಲ್ಲೂ ಕೊಡೆ ಇದೆ’ ಎಂಬ ಉತ್ತರ ಬರುತ್ತದೆ. ಅದು ಮಗುವಿನ ತಪ್ಪಲ್ಲ; ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದೆ. ಅಲ್ಲಿ ಬೇಕಾಗಿರುವುದು ಸಾಲನ್ನೂ ತೀರ್ಮಾನವನ್ನೂ ಕಟ್ಟುವ ಕೊಂಡಿ. ಭಾರತೀಯ ತರ್ಕಶಾಸ್ತ್ರವಾದ ನ್ಯಾಯದರ್ಶನದ ಹಳೆಯ ಉದಾಹರಣೆಯಲ್ಲಿ ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ಮಾತು; ಹೊಗೆ ಕಾಣುತ್ತಿದೆ ಎಂಬುದು ಹೇತು, ಅಂದರೆ ಅದಕ್ಕೆ ಕೊಡುವ ಕಾರಣ. ಅಷ್ಟಕ್ಕೇ ನಿಲ್ಲದೆ ‘ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವಂತೆ’ ಎಂದು ಬಾಯಿಬಿಟ್ಟು ಹೇಳಲೇಬೇಕು. ಹಾಳೆಯಲ್ಲಿ ಈ ಮಾತಿಗೆ ಜಾಗವಿಲ್ಲ. ಆದ್ದರಿಂದ ನಡುವಿನ ತಲೆಬರಹವನ್ನು ಹೊಡೆದುಹಾಕಿ ‘ಸಾಮಾನ್ಯವಾಗಿ … ಆಗಿದ್ದರೆ … ಆಗಿರುತ್ತದೆ’ ಎಂದು ಬರೆಯಿರಿ. ಈಗ ಬರುವ ಉತ್ತರ ನೋಡಿ: ‘ಸಾಮಾನ್ಯವಾಗಿ ಮಳೆಯಲ್ಲಿ ಕೊಡೆ ಹಿಡಿದು ಬಂದಿದ್ದರೆ ಕೊಡೆ ಒದ್ದೆಯಾಗಿರುತ್ತದೆ.’ ಈ ವಾಕ್ಯಕ್ಕೆ ಜಾಗ ಬೇಕು. ಅಚ್ಚಿನ ಹಾಳೆಗಳು ಹೆಚ್ಚಾಗಿ ಮೂರು ಕಾಲಂಗೂ ಸಮ ಅಗಲ ಕೊಡುತ್ತವೆ. ಎ4 ಹಾಳೆಯನ್ನು ಅಡ್ಡ ಇಟ್ಟು ನಡುವಿನದಕ್ಕೆ ಅರ್ಧ, ಉಳಿದೆರಡಕ್ಕೆ ಕಾಲು ಕಾಲು ಭಾಗ ಬಿಡುವುದು ಉತ್ತಮ. ಒಂದು ಹಾಳೆಗೆ ಮೂರು ಅಡ್ಡಸಾಲು ಸಾಕು.

ಇನ್ನೊಂದು ಕೊರತೆ, ತುಂಬುವ ಕ್ರಮವನ್ನು ಹಾಳೆ ಕಾಯುವುದಿಲ್ಲ. ಮಕ್ಕಳು ‘ಆದ್ದರಿಂದ’ದಿಂದ ಶುರು ಮಾಡಿ, ಆಮೇಲೆ ಅದಕ್ಕೆ ಹೊಂದುವ ಸಾಲನ್ನು ಹುಡುಕುತ್ತಾರೆ. ಮೊದಲು ಊಹೆ, ನಂತರ ಸಮರ್ಥನೆ. ಇದನ್ನು ತಡೆಯಲು ಕೊನೆಯ ಕಾಲಂ ಅನ್ನು ಹಿಂದಕ್ಕೆ ಮಡಿಸಿ ಕೊಡಿ. ಎರಡು ಪುರಾವೆ, ಅವುಗಳ ಕೊಂಡಿ ಬರೆದ ಮೇಲೆಯೇ ಬಿಚ್ಚಲಿ.

ತೀರ್ಮಾನವನ್ನು ಅಲುಗಾಡಿಸಿ ನೋಡಲು ಹಾಳೆಯಲ್ಲಿ ಯಾವ ಏರ್ಪಾಡೂ ಇಲ್ಲ. ಅದನ್ನು ಬಾಯಿಮಾತಿನಲ್ಲೇ ಮಾಡಬೇಕು. ಸೂರಿನ ನೀರಿನ ವಾಕ್ಯವನ್ನು ಬೆರಳಿನಿಂದ ಮುಚ್ಚಿ, ಈಗಲೂ ಮಳೆ ಎನ್ನಬಹುದೇ ಎಂದು ಕೇಳಿ. ಸ್ನಾನ ಮಾಡಿ ಬಂದವರ ಹೆಜ್ಜೆಯೂ ಒದ್ದೆಯೇ. ಯಾವ ವಾಕ್ಯ ಮುಚ್ಚಿದಾಗ ತೀರ್ಮಾನ ಕುಸಿಯುತ್ತದೋ ಅದೇ ಗಟ್ಟಿ ಪುರಾವೆ. ಮುಚ್ಚಿದರೂ ಏನೂ ಆಗದಿದ್ದರೆ ಅದು ಬರಿ ವಿವರ. ಪ್ರತಿ ತೀರ್ಮಾನದ ಪಕ್ಕ ‘ಖಚಿತ’, ‘ಸಾಧ್ಯ’, ‘ಆಧಾರವಿಲ್ಲ’ ಇವುಗಳಲ್ಲಿ ಒಂದನ್ನು ಬರೆಸಿ. ‘ನೆನೆದು ಬಂದವನು ಸುಮಾಳ ತಮ್ಮ’ ಎಂದು ಬರೆದ ಮಗು ತಾನಾಗಿಯೇ ‘ಆಧಾರವಿಲ್ಲ’ ಎಂದು ಗುರುತಿಸಿದರೆ ಆ ದಿನದ ಪಾಠ ಗೆದ್ದಂತೆ.

ಹಾಳೆಯ ಜೊತೆ ಬರುವ ಪಠ್ಯಗಳನ್ನು ಆರಿಸುವಾಗ ಎಚ್ಚರ ಬೇಕು. ಅನುವಾದಿಸಿದ ಪಠ್ಯಗಳಲ್ಲಿ ಪುರಾವೆ ಹೆಚ್ಚಾಗಿ ವಸ್ತುಗಳಲ್ಲಿ ಇರುತ್ತದೆ: ಕೊಡೆ, ಹೆಜ್ಜೆ, ಟವೆಲ್. ಕನ್ನಡದಲ್ಲಿ ಎಷ್ಟೋ ಸಲ ಒಂದೇ ಅಕ್ಷರ ಸಾಕ್ಷಿ ಹೇಳುತ್ತದೆ. ‘ಇವತ್ತೂ’ ಎಂಬುದರ ಕೊನೆಯ ‘ಊ’ ತೆಗೆದರೆ, ಇದು ಹಿಂದೆಯೂ ನಡೆದಿದೆ ಎಂಬ ಸುಳಿವು ಬಹುಮಟ್ಟಿಗೆ ಮಾಯ. ‘ಬಂದ’ ಎಂದರೆ ಹೇಳುವವನು ಖಾತ್ರಿಯಿಂದ ಹೇಳುತ್ತಿದ್ದಾನೆ, ‘ಬಂದನಂತೆ’ ಎಂದರೆ ಯಾರಿಂದಲೋ ಕೇಳಿದ್ದಾನೆ. ಸಂಭಾಷಣೆಯ ನಡುವೆ ‘ನೀನು’ ಹೋಗಿ ‘ನೀವು’ ಬಂದರೆ ಸಂಬಂಧದಲ್ಲಿ ಏನೋ ಬದಲಾಗಿದೆ. ಇಂಥ ಸುಳಿವುಗಳಿರುವ 40-60 ಪದಗಳ ಪಠ್ಯವನ್ನು ನೀವೇ ಬರೆದುಕೊಳ್ಳುವುದು ಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ವಿಷಯದ ಪರಿಚಯವೂ ಮುಖ್ಯ. 1988ರಲ್ಲಿ ಪ್ರಕಟವಾದ, ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರ ಪ್ರಯೋಗದಲ್ಲಿ 64 ವಿದ್ಯಾರ್ಥಿಗಳು ಬೇಸ್‌ಬಾಲ್ ಆಟದ ಬಗ್ಗೆ ಓದಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಬಲ್ಲವರು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಹೆಚ್ಚು ಗ್ರಹಿಸಿದ್ದರು. ಹಾಗಾಗಿ ನಡುವಿನ ಕಾಲಂ ಪದೇ ಪದೇ ಖಾಲಿ ಉಳಿದರೆ ಕೌಶಲ ಇಲ್ಲವೆಂದು ಎಣಿಸಬೇಡಿ. ಆ ವಿಷಯವನ್ನು ಹತ್ತು ನಿಮಿಷ ಮಾತಾಡಿ, ಅದೇ ಪಠ್ಯವನ್ನು ಮತ್ತೆ ಕೊಡಿ.

40 ನಿಮಿಷದ ಅವಧಿಯಾದರೆ ಮೊದಲ ಎಂಟು ನಿಮಿಷ ಶಿಕ್ಷಕರು ತಮ್ಮ ಯೋಚನೆಯನ್ನು ಜೋರಾಗಿ ಹೇಳುತ್ತ ಒಂದು ಅಡ್ಡಸಾಲು ತುಂಬಿ ತೋರಿಸಲಿ, ಹನ್ನೆರಡು ನಿಮಿಷ ಇಬ್ಬಿಬ್ಬರಾಗಿ ಬರೆಯಲಿ, ಉಳಿದದ್ದು ಮುಚ್ಚಿ ನೋಡುವ ಚರ್ಚೆಗೆ. ಅಂಕ ಕೊಡುವುದಿದ್ದರೆ ನಾಲ್ಕರಲ್ಲಿ ಪುರಾವೆಗೆ ಒಂದು, ಕೊಂಡಿಗೆ ಎರಡು, ತೀರ್ಮಾನಕ್ಕೆ ಒಂದು. ಒಂದು ಪಠ್ಯಕ್ಕೆ ಒಂದೇ ‘ಸರಿ ಉತ್ತರ’ ಕೊಟ್ಟಿರುವ ಉತ್ತರಸೂಚಿ ಹಾಳೆಯ ಜೊತೆ ಬಂದಿದ್ದರೆ ಪಕ್ಕಕ್ಕಿಡಿ, ಕೊಂಡಿ ಗಟ್ಟಿಯಿದ್ದರೆ ಬೇರೆ ತೀರ್ಮಾನಕ್ಕೂ ಪೂರ್ಣ ಅಂಕ ಸಲ್ಲಬೇಕು. ‘ಸಾಮಾನ್ಯವಾಗಿ’ ಎಂಬ ವಾಕ್ಯ ಹೇಳಿಸದೆಯೇ ಮಕ್ಕಳ ಬಾಯಲ್ಲಿ ಬರತೊಡಗಿದಾಗ ಹಾಳೆಯನ್ನೂ ನಿಲ್ಲಿಸಿ. ಪುಟದ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು ಓದಲಿ.